ಮದ್ದಿಗೇ ಮೈ ತಿರುಗಿಬಿದ್ದಾಗ

ಸೋರಿಯಾಸಿಸ್‌ಗೆ ಕೊಡುವ ಬಯೋಲಾಜಿಕ್ ಇಂಜೆಕ್ಷನ್‌ಗಳು ಕೆಲವರಲ್ಲಿ ಮೊದಲ ಕೆಲವು ತಿಂಗಳು ಚೆನ್ನಾಗಿ ಹಿಡಿದು, ಆಮೇಲೆ ನಿಧಾನವಾಗಿ ಕೈಕೊಡುತ್ತವೆ. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗದಲ್ಲಿ ಅಳಿಸಿಹೋಗಿದ್ದ ಕೆಂಪು ಪಟ್ಟೆಗಳು ಅದೇ ಜಾಗದಲ್ಲಿ ಮತ್ತೆ ಏಳುತ್ತವೆ, ಹೊಟ್ಟು ಉದುರತೊಡಗುತ್ತದೆ. ಔಷಧ ಅದೇ, ಪ್ರಮಾಣ ಅದೇ, ಕೊಡುವ ಕ್ರಮವೂ ಅದೇ. ಬದಲಾಗಿರುವುದು ರೋಗಿಯ ರಕ್ತ. ಇಂಜೆಕ್ಷನ್‌ನಲ್ಲಿರುವ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಹೊರಗಿನದೆಂದು ಗುರುತಿಸಿ, ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುತ್ತದೆ. ವೈದ್ಯರು ಇವನ್ನು ಔಷಧವಿರೋಧಿ ಪ್ರತಿಕಾಯಗಳು ಎನ್ನುತ್ತಾರೆ. ಬಯೋಲಾಜಿಕ್ ಚಿಕಿತ್ಸೆ ಸೋಲಲು ಇರುವ ಹಲವು ಕಾರಣಗಳಲ್ಲಿ ಇದೊಂದು. ಸ್ವಲ್ಪ ಎಚ್ಚರ ವಹಿಸಿದರೆ ಎಷ್ಟೋ ಮಟ್ಟಿಗೆ ತಪ್ಪಿಸಬಹುದಾದದ್ದೂ ಹೌದು.

ಸೋರಿಯಾಸಿಸ್ ಅಂಟುರೋಗವಲ್ಲ. ಚರ್ಮದ ಹೊರಪದರದ ಕೋಶಗಳು ಕೆಳಗಿನಿಂದ ಹುಟ್ಟಿ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಬಣ್ಣದ ಹಕ್ಕಳೆಯಾಗುತ್ತವೆ. ಈ ಅವಸರಕ್ಕೆ ಕಾರಣ ಚರ್ಮದೊಳಗೆ ಬಂದು ಕೂತ ರೋಗನಿರೋಧಕ ಕೋಶಗಳು. ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-23, ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಅತಿಯಾಗಿ ಸುರಿಸಿ ಉರಿಯೂತವನ್ನು ಆರದಂತೆ ಇಡುತ್ತವೆ. ಕೆಲವರಲ್ಲಿ ಅದೇ ಉರಿಯೂತ ಬೆರಳಿನ ಗಂಟು, ಹಿಮ್ಮಡಿ, ಬೆನ್ನುಮೂಳೆಗೂ ಹಬ್ಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2014ರಲ್ಲಿ ಸೋರಿಯಾಸಿಸನ್ನು ಗಂಭೀರ ದೀರ್ಘಕಾಲಿಕ ಕಾಯಿಲೆಯೆಂದು ನಿರ್ಣಯ ಮಾಡಿತು. ಊರಲ್ಲಿ ಇನ್ನೂ ಅನೇಕರು ಇದನ್ನು ಕೊಳಕಿನಿಂದ ಬಂದ ಕಜ್ಜಿಯೆಂದೇ ತಿಳಿದು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂರಲು ಹಿಂಜರಿಯುತ್ತಾರೆ. ರೋಗಿಯನ್ನು ಚರ್ಮದ ತುರಿಕೆಗಿಂತ ಈ ಹಿಂಜರಿಕೆಯೇ ಹೆಚ್ಚು ನೋಯಿಸುತ್ತದೆ. ಚಿಕಿತ್ಸೆ ಸೋತಾಗ ಆಗುವ ನಿರಾಶೆಯ ಆಳ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಮುಲಾಮು, ಟಾರ್, ನೇರಳಾತೀತ ಬೆಳಕು, ಮೆಥೊಟ್ರೆಕ್ಸೇಟ್ ಮಾತ್ರೆ, ಇವಿಷ್ಟಕ್ಕೂ ಬಗ್ಗದ ಕಾಯಿಲೆಗೆ ಬಯೋಲಾಜಿಕ್ ಔಷಧಗಳು ಬಂದವು. ಇವುಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಜೀವಕೋಶಗಳಿಂದ ತಯಾರಿಸಿದ ಪ್ರತಿಕಾಯಗಳು. ಮಾತ್ರೆಗೂ ಇವಕ್ಕೂ ಇರುವ ವ್ಯತ್ಯಾಸ ಗಾತ್ರದಲ್ಲೇ ಕಾಣುತ್ತದೆ. ಮೆಥೊಟ್ರೆಕ್ಸೇಟ್‌ನ ಅಣುತೂಕ ಸುಮಾರು 454, ಒಂದು ಪ್ರತಿಕಾಯದ್ದು ಸುಮಾರು 1,50,000. ಇಷ್ಟು ದೊಡ್ಡ ಪ್ರೋಟೀನು ಹೊಟ್ಟೆಗೆ ಹೋದರೆ ಅನ್ನ, ಬೇಳೆಯ ಜೊತೆ ಜೀರ್ಣವಾಗಿಬಿಡುತ್ತದೆ. ಹಾಗಾಗಿ ಚರ್ಮದಡಿಗೆ ಚುಚ್ಚಬೇಕು, ಇಲ್ಲವೇ ರಕ್ತನಾಳಕ್ಕೆ ಡ್ರಿಪ್ ಹಾಕಬೇಕು. ಪ್ರತಿಕಾಯದ ಆಕಾರ ಬಾಳೆಗೊನೆಗೆ ಆಸರೆ ಕೊಡುವ ಕವೆಗೋಲಿನಂತೆ: ಕೆಳಗೆ ಒಂದು ಕಾಲು, ಮೇಲೆ ಎರಡು ಕವಲು. ಕವಲಿನ ತುದಿ ತನ್ನ ಗುರಿಯಾದ ಪ್ರೋಟೀನಿಗೆ, ಉದಾಹರಣೆಗೆ ಟಿಎನ್‌ಎಫ್‌ಗೆ, ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ. ಔಷಧದ ಗುಣವೆಲ್ಲ ಇರುವುದು ಆ ತುದಿಯಲ್ಲಿ. ದೇಹಕ್ಕೆ ಹೊಸತಾಗಿ ಕಾಣುವುದೂ ಅದೇ ತುದಿ.

ಯಾವುದೇ ಪ್ರೋಟೀನು ಒಳಹೊಕ್ಕರೆ ದೇಹ ಅದನ್ನು ತಪಾಸಣೆ ಮಾಡಿಯೇ ಬಿಡುತ್ತದೆ. ಚರ್ಮದಲ್ಲಿರುವ ಕೆಲವು ಕೋಶಗಳು ಅದನ್ನು ನುಂಗಿ, ಚಿಕ್ಕ ಚೂರುಗಳಾಗಿ ಕತ್ತರಿಸಿ, ತಮ್ಮ ಮೈಮೇಲಿನ ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಟಿ ಕೋಶಗಳಿಗೆ ತೋರಿಸುತ್ತವೆ. ಚೂರು ಪರಿಚಿತವಾದರೆ ಸುಮ್ಮನಾಗುತ್ತವೆ. ಅಪರಿಚಿತವಾದರೆ ಟಿ ಕೋಶ ಎಚ್ಚೆತ್ತು ಬಿ ಕೋಶವನ್ನು ಕರೆಯುತ್ತದೆ, ಬಿ ಕೋಶ ಪ್ರತಿಕಾಯ ಸುರಿಸತೊಡಗುತ್ತದೆ. ಲಸಿಕೆ ಕೆಲಸ ಮಾಡುವುದೂ ಹೀಗೆಯೇ. ರೋಗಾಣುವಿನ ವಿಷಯದಲ್ಲಿ ನಮ್ಮನ್ನು ಕಾಯುವ ಈ ಏರ್ಪಾಟು ಔಷಧದ ವಿಷಯದಲ್ಲಿ ಅಡ್ಡಗಾಲಾಗುತ್ತದೆ. ಎಚ್‌ಎಲ್‌ಎ ತಟ್ಟೆಯ ಮಾದರಿ ಹುಟ್ಟಿನಿಂದಲೇ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ, ಒಂದೇ ಇಂಜೆಕ್ಷನ್ ಅಣ್ಣನಿಗೆ ಹಿಡಿದು ತಮ್ಮನಿಗೆ ಕೈಕೊಡಬಹುದು. ಬ್ರಿಟನ್ನಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಚ್‌ಎಲ್‌ಎ-ಡಿಕ್ಯೂಎ1*05 ಎಂಬ ಮಾದರಿ ಇರುವವರಲ್ಲಿ ಇನ್‌ಫ್ಲಿಕ್ಸಿಮಾಬ್ ಮತ್ತು ಅಡಾಲಿಮುಮಾಬ್ ವಿರುದ್ಧ ಪ್ರತಿಕಾಯ ಹುಟ್ಟುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು ಎಂದು ತೋರಿಸಿತು. ಟಿಎನ್‌ಎಫ್ ತಡೆಯುವ ಈ ಎರಡೂ ಔಷಧಗಳು ಸೋರಿಯಾಸಿಸ್‌ಗೂ ಬಳಕೆಯಲ್ಲಿವೆ.

ಈ ಅಡ್ಡಿ ಬಯೋಲಾಜಿಕ್ ಔಷಧಗಳ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಒಂದೇ ಗುರಿಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಕೊಂಡರು, 1984ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ಪ್ರತಿಕಾಯಗಳು ಇಲಿಯವು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲಿ ಎಂದು 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮ್ಯುರೊಮೊನಾಬ್ ಇಲಿಯ ಪ್ರತಿಕಾಯವೇ. ಅನೇಕ ರೋಗಿಗಳ ದೇಹ ಆ ಪ್ರತಿಕಾಯದ ವಿರುದ್ಧವೇ ಎದ್ದುನಿಂತಿತು. ಅಲ್ಲಿಂದ ಮುಂದಿನ ವರ್ಷಗಳ ಶ್ರಮದಲ್ಲಿ ಬಹುಪಾಲು ಔಷಧದಿಂದ ಇಲಿಯ ಭಾಗವನ್ನು ಕಡಿಮೆ ಮಾಡುವುದಕ್ಕೆ ಹೋಯಿತು. ಹೆಸರಿನ ಕೊನೆಯಲ್ಲೇ ಆ ಚರಿತ್ರೆ ಉಳಿದಿದೆ. ‘ಕ್ಸಿಮಾಬ್’ ಎಂದು ಮುಗಿದರೆ ಇಲಿಯ ಕವಲಿನ ತುದಿಗೆ ಮನುಷ್ಯನ ಪ್ರತಿಕಾಯದ ಉಳಿದ ಭಾಗ ಜೋಡಿಸಿದ್ದು, ‘ಜುಮಾಬ್’ ಎಂದರೆ ಗುರಿಗೆ ಅಂಟುವ ಅಂಚಿನ ಸ್ವಲ್ಪ ಭಾಗವಷ್ಟೇ ಇಲಿಯದು, ಅದರಾಚೆಗೆ ಬರಿ ‘ಉಮಾಬ್’ ಎಂದಿದ್ದರೆ ಪೂರ್ತಿ ಮನುಷ್ಯನದು. 2017ರ ನಂತರ ಹೊಸ ಹೆಸರಿಡುವಾಗ ಈ ಪದ್ಧತಿ ಕೈಬಿಟ್ಟಿದ್ದಾರೆ, ಹಳೆಯ ಹೆಸರುಗಳು ಹಾಗೆಯೇ ಇವೆ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. 2013ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಸೋರಿಯಾಸಿಸ್‌ಗೆಂದು ಇಟೊಲಿಜುಮಾಬ್ ಎಂಬ ಔಷಧವನ್ನು ‘ಅಲ್ಜುಮಾಬ್’ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಮೂಲ ಕ್ಯೂಬಾ. ಹವಾನಾದ ಆಣ್ವಿಕ ಪ್ರತಿರಕ್ಷಾಶಾಸ್ತ್ರ ಕೇಂದ್ರದಲ್ಲಿ ಟಿ ಕೋಶಗಳ ಮೇಲಿರುವ ಸಿಡಿ6 ಎಂಬ ಪ್ರೋಟೀನಿಗೆ ಅಂಟುವ ಇಲಿಯ ಪ್ರತಿಕಾಯವೊಂದು ಮೊದಲೇ ಇತ್ತು. ಅಲ್ಲಿನ ವಿಜ್ಞಾನಿಗಳು ಅದನ್ನು ಮಾನವೀಕರಿಸಿದ ರೀತಿ ಈ ಲೇಖನದ ವಿಷಯಕ್ಕೆ ನೇರವಾಗಿ ಸೇರುತ್ತದೆ. ಇಲಿಯ ಪ್ರತಿಕಾಯದ ಯಾವ ಚೂರುಗಳನ್ನು ಮನುಷ್ಯನ ಟಿ ಕೋಶಗಳು ಗುರುತಿಸಬಹುದು ಎಂಬುದನ್ನು ಲೆಕ್ಕಹಾಕಿ, ಆ ಚೂರುಗಳಲ್ಲಿನ ಅಮೈನೊ ಆಮ್ಲಗಳನ್ನೇ ಹುಡುಕಿ, ಮನುಷ್ಯನ ಪ್ರತಿಕಾಯದಲ್ಲಿರುವಂಥವಕ್ಕೆ ಬದಲಾಯಿಸಿದರು. ದೇಹ ಎಲ್ಲಿ ಕಣ್ಣಿಟ್ಟಿರುತ್ತದೋ ಅಲ್ಲಿ ಮಾತ್ರ ಕೈಹಾಕುವ ಈ ವಿಧಾನ ಸರಳವೂ ಹೌದು, ಜಾಣತನದ್ದೂ ಹೌದು. ದುಡ್ಡಿನ ಬಿಗಿ ಇರುವ ದೇಶವೊಂದರ ಪ್ರಯೋಗಾಲಯದಲ್ಲಿ ಇಂಥ ಯೋಚನೆ ಹುಟ್ಟಿ, ಬೆಂಗಳೂರಿನಲ್ಲಿ ಔಷಧವಾದದ್ದು ಹೆಮ್ಮೆಪಡಬೇಕಾದ ಸಂಗತಿ.

ಭಾರತದ ಹಲವು ಆಸ್ಪತ್ರೆಗಳಲ್ಲಿ 225 ರೋಗಿಗಳ ಮೇಲೆ ನಡೆದ ಇಟೊಲಿಜುಮಾಬ್ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಾಯಿಲೆಯ ತೀವ್ರತೆ ಮುಕ್ಕಾಲು ಪಾಲು ಇಳಿದರೆ ಔಷಧ ಗೆದ್ದಿತೆಂದು ಲೆಕ್ಕ. 12 ವಾರಕ್ಕೆ ಔಷಧ ಪಡೆದ ಎರಡು ಗುಂಪುಗಳಲ್ಲಿ ಶೇ 27 ಮತ್ತು ಶೇ 36.4 ಜನ ಆ ಮಟ್ಟ ಮುಟ್ಟಿದರು, ಹುಸಿಮದ್ದು ಪಡೆದವರಲ್ಲಿ ಶೇ 2.3 ಮಾತ್ರ. ಅದೇ ವರ್ಷ ಪ್ರಕಟವಾದ, ಇಂಟರ್‌ಲ್ಯೂಕಿನ್-17 ತಡೆಯುವ ಸೆಕುಕಿನುಮಾಬ್ ಎಂಬ ಔಷಧದ ಪ್ರಯೋಗಗಳಲ್ಲಿ, 300 ಮಿಲಿಗ್ರಾಂ ಪ್ರಮಾಣದಲ್ಲಿ, ಅದೇ 12 ವಾರಕ್ಕೆ ಶೇ 77ರಿಂದ 82 ಜನರಲ್ಲಿ ಅಷ್ಟು ಸುಧಾರಣೆ ಕಂಡಿತ್ತು. ಎರಡು ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಸರಿಯಲ್ಲ. ಆದರೂ ಒಂದು ಮಾತು ಮುಚ್ಚಿಡಬಾರದು: ದೇಹ ತಿರಸ್ಕರಿಸದಂಥ ಔಷಧ ಮಾಡುವುದು ಒಂದು, ಕಾಯಿಲೆಯನ್ನು ಬಲವಾಗಿ ಹಿಡಿಯುವ ಔಷಧ ಮಾಡುವುದು ಇನ್ನೊಂದು. ಮೊದಲನೆಯದು ಸಾಧ್ಯವಾದರೆ ಎರಡನೆಯದೂ ತಾನಾಗಿ ಸಿಗುತ್ತದೆ ಎಂದಲ್ಲ.

ಪೂರ್ತಿ ಮನುಷ್ಯನ ಪ್ರತಿಕಾಯ ಬಂದ ಮೇಲಾದರೂ ತೊಂದರೆ ನೀಗಬೇಕಿತ್ತು. ನೀಗಲಿಲ್ಲ. ಅಮೆರಿಕದಲ್ಲಿ 2002ರಲ್ಲಿ ಕೀಲುವಾತಕ್ಕೂ 2008ರಲ್ಲಿ ಸೋರಿಯಾಸಿಸ್‌ಗೂ ಒಪ್ಪಿಗೆ ಪಡೆದ ಅಡಾಲಿಮುಮಾಬ್ ಹೆಸರಿನ ಪ್ರಕಾರ ಪೂರ್ತಿ ಮಾನವ ಪ್ರತಿಕಾಯ. ಆಮ್‌ಸ್ಟರ್‌ಡಾಮ್‌ನಲ್ಲಿ ಅದನ್ನು ಪಡೆಯುತ್ತಿದ್ದ 272 ಕೀಲುವಾತ ರೋಗಿಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಶೇ 28 ಜನರಲ್ಲಿ ಔಷಧವಿರೋಧಿ ಪ್ರತಿಕಾಯ ಹುಟ್ಟಿತ್ತು, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಮೊದಲ 28 ವಾರಗಳೊಳಗೇ. ಕಾಯಿಲೆ ಸತತವಾಗಿ ಹತೋಟಿಯಲ್ಲಿ ಉಳಿದದ್ದು ಪ್ರತಿಕಾಯ ಇದ್ದವರಲ್ಲಿ ಶೇ 17ರಷ್ಟು, ಇಲ್ಲದವರಲ್ಲಿ ಶೇ 48ರಷ್ಟು. ಕಾರಣ ಹುಡುಕುವುದು ಕಷ್ಟವಲ್ಲ. ಪ್ರತಿಕಾಯದ ಉಳಿದ ಭಾಗ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ ಥರ, ಆದರೆ ಟಿಎನ್‌ಎಫ್‌ಗೆ ಅಂಟುವಂತೆ ರೂಪಿಸಿದ ಆ ತುದಿ ಯಾರ ಮೈಯಲ್ಲೂ ಮೊದಲು ಇದ್ದದ್ದಲ್ಲ. ಅಡಾಲಿಮುಮಾಬ್ ವಿರುದ್ಧ ಹುಟ್ಟುವ ಪ್ರತಿಕಾಯಗಳಲ್ಲಿ ಬಹುಪಾಲು ನೇರ ಆ ತುದಿಗೇ ಅಂಟುತ್ತವೆ.

ತುದಿಗೆ ಅಂಟಿದರೆ ಔಷಧ ತನ್ನ ಗುರಿ ಹಿಡಿಯಲಾರದು. ಇದು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಬೇರೆಡೆ ಅಂಟಿದರೂ ನಷ್ಟವಿದೆ: ಔಷಧ ಮತ್ತು ಪ್ರತಿಕಾಯ ಹೆಣೆದುಕೊಂಡು ಗೊಂಚಲಾದರೆ ಯಕೃತ್ತು, ಗುಲ್ಮದ ಕೋಶಗಳು ಅದನ್ನು ಬೇಗ ನುಂಗಿಹಾಕುತ್ತವೆ. ಎರಡು ವಾರ ಬರಬೇಕಿದ್ದ ಔಷಧ ಕೆಲವೇ ದಿನಗಳಲ್ಲಿ ರಕ್ತದಿಂದ ಖಾಲಿ. ಕೆಲವೊಮ್ಮೆ ಔಷಧ ಕೆಲಸ ಮಾಡದಿರುವುದರ ಜೊತೆಗೆ ತೊಂದರೆಯೂ ಬರುತ್ತದೆ. ಇನ್‌ಫ್ಲಿಕ್ಸಿಮಾಬ್ ಡ್ರಿಪ್ ಹಾಕುತ್ತಿರುವಾಗಲೇ ಮುಖ ಕೆಂಪೇರುವುದು, ಎದೆ ಬಿಗಿಯುವುದು, ರಕ್ತದೊತ್ತಡ ಕುಸಿಯುವುದು ಪ್ರತಿಕಾಯ ಇರುವವರಲ್ಲಿ ಹೆಚ್ಚು. ಹೀಗಾಗಿಯೇ ಅದನ್ನು ಆಸ್ಪತ್ರೆಯಲ್ಲಿ, ತುರ್ತು ಮದ್ದು ಪಕ್ಕದಲ್ಲಿಟ್ಟುಕೊಂಡು ಕೊಡಬೇಕೆಂಬ ನಿಯಮ.

ಎಲ್ಲ ಬಯೋಲಾಜಿಕ್‌ಗಳೂ ಒಂದೇ ಸಮ ಅಲ್ಲ. ಸೋರಿಯಾಸಿಸ್ ರೋಗಿಗಳ ಅಧ್ಯಯನಗಳಲ್ಲಿ ಇನ್‌ಫ್ಲಿಕ್ಸಿಮಾಬ್ ಮತ್ತು ಅಡಾಲಿಮುಮಾಬ್ ವಿರುದ್ಧ ಪ್ರತಿಕಾಯ ಕಂಡವರ ಪ್ರಮಾಣ ಶೇ 10ಕ್ಕೂ ಕಡಿಮೆಯಿಂದ ಶೇ 40 ದಾಟುವವರೆಗೆ ಇದೆ. ಇಂಟರ್‌ಲ್ಯೂಕಿನ್-23 ತಡೆಯುವ ಉಸ್ಟೆಕಿನುಮಾಬ್‌ಗೆ ಶೇ 6ರ ಆಸುಪಾಸು. ಸೆಕುಕಿನುಮಾಬ್‌ಗೆ ಒಂದು ವರ್ಷದಲ್ಲಿ ಶೇ 1ಕ್ಕಿಂತ ಕಡಿಮೆ. ಅದೇ ಗುರಿಯ ಇಕ್ಸೆಕಿಜುಮಾಬ್‌ಗೆ 12 ವಾರದಲ್ಲಿ ಸುಮಾರು ಶೇ 9, ಆದರೆ ಅವುಗಳಲ್ಲಿ ಔಷಧವನ್ನು ನಿಷ್ಕ್ರಿಯಗೊಳಿಸುವಂಥವು ಕೊಂಚವೇ. ಎಟನೆರ್ಸೆಪ್ಟ್ ಎಂಬುದು ಪ್ರತಿಕಾಯವಲ್ಲ, ಟಿಎನ್‌ಎಫ್ ಹಿಡಿಯುವ ಮನುಷ್ಯನದೇ ಗ್ರಾಹಕ ಪ್ರೋಟೀನು. ಅದರ ವಿರುದ್ಧ ಹುಟ್ಟುವ ಪ್ರತಿಕಾಯಗಳು ಔಷಧದ ಕೆಲಸ ಕೆಡಿಸುವುದಿಲ್ಲ. ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಾಗ ಎಚ್ಚರ ಬೇಕು, ಯಾಕೆಂದರೆ ಒಂದೊಂದು ಪ್ರಯೋಗಾಲಯದ ಪರೀಕ್ಷೆಯ ಸೂಕ್ಷ್ಮತೆ ಒಂದೊಂದು ಥರ. ಪ್ರತಿಕಾಯ ಇದೆಯೇ ಎಂಬುದಕ್ಕಿಂತ ಅದು ಎಷ್ಟಿದೆ, ಔಷಧವನ್ನು ಕೆಡಿಸುವಷ್ಟಿದೆಯೇ ಎಂಬುದು ಮುಖ್ಯ.

ಹುಟ್ಟಿನಿಂದ ಬಂದ ಎಚ್‌ಎಲ್‌ಎಯನ್ನು ಬದಲಾಯಿಸಲು ಆಗದು. ಬದಲಾಯಿಸಬಹುದಾದ ಕಾರಣಗಳಲ್ಲಿ ಮೊದಲನೆಯದು ಔಷಧವನ್ನು ಬಿಟ್ಟುಬಿಟ್ಟು ತೆಗೆದುಕೊಳ್ಳುವುದು. ದೇಹದಲ್ಲಿ ಔಷಧ ಸದಾ ಒಂದು ಮಟ್ಟದಲ್ಲಿದ್ದರೆ ರೋಗನಿರೋಧಕ ವ್ಯವಸ್ಥೆ ಅದಕ್ಕೆ ಒಗ್ಗಿಕೊಳ್ಳುವ ಸಾಧ್ಯತೆ ಹೆಚ್ಚು. ಪೂರ್ತಿ ಖಾಲಿಯಾಗಿ, ಮೂರು ನಾಲ್ಕು ತಿಂಗಳ ಮೇಲೆ ದಿಢೀರನೆ ಮತ್ತೆ ಬಂದರೆ ಅದು ಲಸಿಕೆಯ ಬೂಸ್ಟರ್ ಡೋಸ್ ಕೊಟ್ಟಂತೆಯೇ ಆಗುತ್ತದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕಾಯಿಲೆ ಉಲ್ಬಣಿಸಿದಾಗ ಮಾತ್ರ ಇನ್‌ಫ್ಲಿಕ್ಸಿಮಾಬ್ ಪಡೆಯುತ್ತಿದ್ದ 125 ಕ್ರೋನ್ಸ್ ರೋಗಿಗಳಲ್ಲಿ ಶೇ 61 ಜನರಿಗೆ ಪ್ರತಿಕಾಯ ಹುಟ್ಟಿದ್ದನ್ನು 2003ರಲ್ಲಿ ವರದಿ ಮಾಡಿದರು. ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಮಾತ್ರೆ ನುಂಗುತ್ತಿದ್ದವರಲ್ಲಿ ಅದು ಶೇ 43, ನುಂಗದವರಲ್ಲಿ ಶೇ 75.

ಚಿಕ್ಕಮಗಳೂರು ಜಿಲ್ಲೆಯ ಬಯಲು ಮತ್ತು ಮಲೆನಾಡಿನ ಅಂಚಿನ ಮೂರು ತಾಲ್ಲೂಕುಗಳಾದ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ, ಔಷಧ ಬಿಟ್ಟುಬಿಟ್ಟು ತೆಗೆದುಕೊಳ್ಳಬಾರದೆಂಬ ಈ ಮಾತಿಗೆ ವಿಶೇಷ ತೂಕವಿದೆ. ಬಯೋಲಾಜಿಕ್ ಚಿಕಿತ್ಸೆ ಶುರುವಾಗುವುದು ಸಾಮಾನ್ಯವಾಗಿ ದೊಡ್ಡ ಊರಿನ ಆಸ್ಪತ್ರೆಯಲ್ಲಿ: ತರೀಕೆರೆಯವರಿಗೆ ಶಿವಮೊಗ್ಗ ಹತ್ತಿರ, ಕಡೂರಿನವರಿಗೆ ಚಿಕ್ಕಮಗಳೂರು ಅಥವಾ ಹಾಸನ, ಅಜ್ಜಂಪುರದವರು ರೈಲು ಹತ್ತಿದರೆ ಬೀರೂರು, ಕಡೂರು, ಅರಸೀಕೆರೆ ದಾಟಿ ಬೆಂಗಳೂರು. ಒಂದೊಂದು ಡೋಸಿಗೂ ಒಂದು ದಿನದ ಕೂಲಿ ಅಥವಾ ತೋಟದ ಕೆಲಸ ಬಿಟ್ಟು ಹೋಗಬೇಕು, ಔಷಧದ ಬೆಲೆ ಸಾವಿರಗಳ ಲೆಕ್ಕದಲ್ಲಿ. ಅಡಿಕೆ, ಕೊಬ್ಬರಿ, ಈರುಳ್ಳಿ ಕೈಗೆ ಬಂದ ತಿಂಗಳಲ್ಲಿ ದುಡ್ಡು ಇರುತ್ತದೆ, ಬಿತ್ತನೆಯ ತಿಂಗಳಲ್ಲಿ ಇರುವುದಿಲ್ಲ. ಇಂಥ ಮನೆಗಳಲ್ಲಿ ಎರಡು ಡೋಸು ತಪ್ಪಿ, ಮೂರನೆಯದು ತಡವಾಗಿ, ಚರ್ಮ ತಿಳಿಯಾಯಿತೆಂದು ಅಷ್ಟಕ್ಕೆ ನಿಲ್ಲಿಸಿ, ಮನೆಯಲ್ಲಿ ಮದುವೆ ಹತ್ತಿರ ಬಂದಾಗ ಮತ್ತೆ ಶುರುಮಾಡುವುದು ಸಹಜ. ಇದರಲ್ಲಿ ರೋಗಿಯ ತಪ್ಪೇನೂ ಇಲ್ಲ. ಆದರೆ ಪ್ರತಿಕಾಯ ಹುಟ್ಟಲು ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಇನ್ನೊಂದಿಲ್ಲ. ಚಿಕಿತ್ಸೆ ಶುರುಮಾಡುವ ಮುನ್ನವೇ ವೈದ್ಯರೂ ಮನೆಯವರೂ ಕೂತು ಒಂದು ವರ್ಷದ ಖರ್ಚು, ಓಡಾಟ ಎರಡನ್ನೂ ಲೆಕ್ಕ ಹಾಕಬೇಕು. ನಡುವೆ ನಿಲ್ಲಿಸಬೇಕಾಗಿ ಬರುವುದು ಖಚಿತವೆನಿಸಿದರೆ ಇನ್‌ಫ್ಲಿಕ್ಸಿಮಾಬ್‌ನಂಥದ್ದನ್ನು ಹಿಡಿಯುವ ಬದಲು ಮಾತ್ರೆ, ಬೆಳಕಿನ ಚಿಕಿತ್ಸೆಯನ್ನೇ ಸರಿಯಾಗಿ ನಡೆಸುವುದು, ಇಲ್ಲವೇ ಪ್ರತಿಕಾಯ ಕಡಿಮೆ ಹುಟ್ಟಿಸುವ, ಡೋಸುಗಳ ನಡುವೆ ಅಂತರ ಹೆಚ್ಚಿರುವ ಔಷಧ ಆರಿಸುವುದು ವಿವೇಕ. ಉಸ್ಟೆಕಿನುಮಾಬ್ ಮೊದಲೆರಡು ಡೋಸಿನ ನಂತರ 12 ವಾರಕ್ಕೊಮ್ಮೆ ಸಾಕು. ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ ಬೇಕು.

ಡೋಸು ತಪ್ಪಿಸದಿರುವುದು ಮೊದಲ ಉಪಾಯವಾದರೆ, ಎರಡನೆಯದು ಮೆಥೊಟ್ರೆಕ್ಸೇಟ್. ಹತ್ತಾರು ವರ್ಷಗಳಿಂದ ಸೋರಿಯಾಸಿಸ್‌ಗೆ ಕೊಡುತ್ತಿರುವ, ಬಯೋಲಾಜಿಕ್‌ಗೆ ಹೋಲಿಸಿದರೆ ಬಲು ಅಗ್ಗದ ಈ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಟಿಎನ್‌ಎಫ್ ವಿರೋಧಿ ಇಂಜೆಕ್ಷನ್ ಜೊತೆ ಕೊಟ್ಟರೆ ಪ್ರತಿಕಾಯ ಹುಟ್ಟುವುದು ತಗ್ಗುತ್ತದೆ, ರಕ್ತದಲ್ಲಿ ಔಷಧದ ಮಟ್ಟ ಉಳಿಯುತ್ತದೆ. ಪ್ರತಿಕಾಯ ಹುಟ್ಟಿದ ಮೇಲೆ ಸೇರಿಸುವುದಕ್ಕಿಂತ ಮೊದಲಿನಿಂದಲೇ ಜೊತೆಗಿರುವುದು ಮೇಲು. ಆದರೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಬಿಪಿ, ಸಕ್ಕರೆ ಮಾತ್ರೆಯಂತೆ ದಿನವೂ ನುಂಗಿದರೆ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಚೀಟಿಯಲ್ಲಿ ವಾರದ ಹೆಸರನ್ನೇ, ‘ಭಾನುವಾರ ಮಾತ್ರ’ ಎಂದು, ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಫೋಲಿಕ್ ಆಮ್ಲದ ಮಾತ್ರೆ ಜೊತೆಗಿರಬೇಕು, ಕಾಲಕಾಲಕ್ಕೆ ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಆಗಬೇಕು. ಕುಡಿತ ಬಿಡಬೇಕು. ಗರ್ಭಿಣಿಯರಿಗೂ ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೂ ಇದು ಸಲ್ಲದು.

ಮೂರನೆಯದು ತಂಪು. ಬಯೋಲಾಜಿಕ್ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಬಿಸಿ ತಾಗಿದರೆ, ಹೆಪ್ಪುಗಟ್ಟಿದರೆ, ಜೋರಾಗಿ ಅಲುಗಾಡಿಸಿದರೆ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒಂದೇ ಪ್ರೋಟೀನು ಹೀಗೆ ಸಾಲುಸಾಲಾಗಿ ಗಂಟುಕಟ್ಟಿ ಬಂದರೆ ದೇಹ ಅದನ್ನು ವೈರಾಣುವಿನ ಮೈ ಎಂಬಂತೆ ಕಾಣುತ್ತದೆ, ಪ್ರತಿಕಾಯ ಬೇಗ ಹುಟ್ಟುತ್ತದೆ. ಔಷಧದ ತಯಾರಿ, ಸಾಗಣೆಯಲ್ಲಿ ಚಿಕ್ಕ ವ್ಯತ್ಯಾಸವಾದರೂ ಏನಾಗಬಹುದೆಂಬುದಕ್ಕೆ ಮೂತ್ರಪಿಂಡ ರೋಗಿಗಳಿಗೆ ರಕ್ತ ಹೆಚ್ಚಿಸಲು ಕೊಡುವ ಎರಿತ್ರೊಪೊಯೆಟಿನ್‌ನ ಕಥೆ ಸಾಕ್ಷಿ. 1998ರಲ್ಲಿ ಯುರೋಪಿನಲ್ಲಿ ಅದರ ಒಂದು ಬ್ರಾಂಡಿನ ದ್ರಾವಣದಲ್ಲಿ ಮನುಷ್ಯನ ಆಲ್ಬುಮಿನ್ ತೆಗೆದು ಪಾಲಿಸಾರ್ಬೇಟ್ ಹಾಕಿದ ನಂತರದ ವರ್ಷಗಳಲ್ಲಿ, ಅನೇಕ ರೋಗಿಗಳ ದೇಹ ಔಷಧದ ಜೊತೆಗೆ ತನ್ನದೇ ಎರಿತ್ರೊಪೊಯೆಟಿನ್ ವಿರುದ್ಧವೂ ಪ್ರತಿಕಾಯ ಹುಟ್ಟಿಸಿತು. ಕೆಂಪುರಕ್ತಕಣಗಳ ಉತ್ಪಾದನೆಯೇ ನಿಂತುಹೋಯಿತು. ಕಾರಣ ಒಂದೇ ಎಂದು ಹೇಳಲಾಗದಿದ್ದರೂ, ಚರ್ಮದಡಿ ಚುಚ್ಚುವುದನ್ನು ಬಿಡಿಸಿ, ತಂಪಿನ ನಿಯಮ ಬಿಗಿ ಮಾಡಿದ ಮೇಲೆ ಅಂಥ ಪ್ರಕರಣಗಳು ಇಳಿದವು.

ಕಡೂರಿನ ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಕಿಟಕಿ ಪಕ್ಕ ಇಟ್ಟ ಚೀಲದೊಳಗಿನ ಶಾಖ ಔಷಧಕ್ಕೆ ಸಲ್ಲದ ಮಟ್ಟಕ್ಕೆ ಸುಲಭವಾಗಿ ಏರುತ್ತದೆ. ಮೂಲ ಅಡಾಲಿಮುಮಾಬ್‌ನ ಸೂಚನೆಯ ಪ್ರಕಾರ ಫ್ರಿಜ್ಜಿನ ಹೊರಗೆ 14 ದಿನದವರೆಗೆ ಇಡಬಹುದು, ಆದರೆ 25 ಡಿಗ್ರಿ ಮೀರಬಾರದು. ಇಲ್ಲಿನ ಬೇಸಿಗೆಯಲ್ಲಿ ಆ ರಿಯಾಯಿತಿ ನೆಚ್ಚುವಂಥದ್ದಲ್ಲ. ಮುಚ್ಚಳವಿರುವ ಥರ್ಮೊಕೋಲ್ ಡಬ್ಬಿ, ಒಳಗೆ ಐಸ್‌ಪ್ಯಾಕ್, ಐಸ್‌ಪ್ಯಾಕ್‌ಗೂ ಔಷಧದ ಪೆಟ್ಟಿಗೆಗೂ ನಡುವೆ ಒಂದು ದಪ್ಪ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಐಸ್ ನೇರ ತಾಗಿ ಔಷಧ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಕರಗಿ ಮೊದಲಿನಂತೆ ಕಂಡರೂ ಬಳಸಬಾರದು. ಮನೆಯ ಫ್ರಿಜ್ಜಿನಲ್ಲಿ ಬಾಗಿಲಿನ ಹಲಗೆಯಲ್ಲಿ ಇಡದೆ, ಫ್ರೀಜರಿನ ಕೆಳಗೂ ತಾಗಿಸದೆ, ನಡುವಿನ ಹಲಗೆಯಲ್ಲಿಡುವುದು ಒಳ್ಳೆಯದು. ಹೊತ್ತುಗಟ್ಟಲೆ ಕರೆಂಟು ಹೋಗುವ ಹಳ್ಳಿಯಾದರೆ ಒಂದೊಂದೇ ಡೋಸು ತಂದುಕೊಳ್ಳುವುದು ಅಥವಾ ಪರಿಚಯದ ಔಷಧದಂಗಡಿಯ ಫ್ರಿಜ್ಜಿನಲ್ಲಿ ಇಡಿಸುವುದು ಲೇಸು. ಚುಚ್ಚುವ ಅರ್ಧ ಗಂಟೆ ಮೊದಲು ಹೊರತೆಗೆದು ತಾನಾಗಿ ತಂಪು ಬಿಡಲು ಬಿಡಬೇಕು, ಬಿಸಿನೀರಿನಲ್ಲಿ ಇಡಬಾರದು, ಅಲ್ಲಾಡಿಸಬಾರದು. ಬೆಳಕಿಗೆ ಹಿಡಿದು ನೋಡಿದಾಗ ಕದಡಿದಂತೆ, ಚೂರು ತೇಲುವಂತೆ, ಬಣ್ಣ ಬದಲಾದಂತೆ ಕಂಡರೆ ಚುಚ್ಚಿಕೊಳ್ಳದೆ ವೈದ್ಯರನ್ನು ಕೇಳಬೇಕು.

ಇಂಜೆಕ್ಷನ್ ಹಿಡಿಯುತ್ತಿಲ್ಲ ಎಂದಾಕ್ಷಣ ಪ್ರತಿಕಾಯದ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಡೋಸು ತಪ್ಪಿದೆಯೇ, ಮೈತೂಕ ಏರಿದೆಯೇ, ಗಂಟಲು ನೋವು ಬಂದಿತ್ತೇ, ಕುಡಿತ ಹೆಚ್ಚಾಗಿದೆಯೇ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಅಥವಾ ಮನೋರೋಗಕ್ಕೆ ಲಿಥಿಯಂ ಶುರುವಾಗಿದೆಯೇ, ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಇದ್ದು ಅದನ್ನು ದಿಢೀರ್ ನಿಲ್ಲಿಸಿದ್ದಾಗಿದೆಯೇ, ಇವೆಲ್ಲ ಮೊದಲು ನೋಡಬೇಕು. ಸೋರಿಯಾಸಿಸ್ ಎಂದುಕೊಂಡದ್ದು ಹುಳುಕಡ್ಡಿಯಾಗಿರುವುದೂ ಉಂಟು.

ಇವಾವುದೂ ಅಲ್ಲವಾದರೆ ರಕ್ತ ಪರೀಕ್ಷೆ. ಮುಂದಿನ ಡೋಸಿಗೆ ತುಸು ಮುಂಚೆ, ಔಷಧ ಅತಿ ಕಡಿಮೆ ಇರುವ ಹೊತ್ತಲ್ಲಿ ರಕ್ತ ತೆಗೆದು, ಎಲೈಸಾ ವಿಧಾನದಲ್ಲಿ ಎರಡು ಸಂಗತಿ ಅಳೆಯುತ್ತಾರೆ: ಔಷಧದ ಮಟ್ಟ, ಅದರ ವಿರುದ್ಧದ ಪ್ರತಿಕಾಯದ ಮಟ್ಟ. ಔಷಧ ಸಾಕಷ್ಟಿದ್ದೂ ಕಾಯಿಲೆ ಏಳುತ್ತಿದ್ದರೆ ಗುರಿಯೇ ಸರಿಯಿಲ್ಲ, ಟಿಎನ್‌ಎಫ್ ಬಿಟ್ಟು ಇಂಟರ್‌ಲ್ಯೂಕಿನ್ ತಡೆಯುವ ಔಷಧಕ್ಕೆ ಹೋಗಬೇಕು. ಔಷಧ ಕಡಿಮೆಯಿದ್ದು ಪ್ರತಿಕಾಯವೂ ಇಲ್ಲದಿದ್ದರೆ ಡೋಸು ಹೆಚ್ಚಿಸಿ ಅಥವಾ ಅಂತರ ಕಡಿಮೆ ಮಾಡಿ ನೋಡಬಹುದು. ಔಷಧ ಇಲ್ಲವೇ ಇಲ್ಲ, ಪ್ರತಿಕಾಯ ಧಾರಾಳ ಎಂದಾದರೆ ಅದೇ ಔಷಧವನ್ನು ಹೆಚ್ಚು ಸುರಿಯುವುದು ದುಡ್ಡು ಹಾಳು ಮಾಡಿದಂತೆ, ಔಷಧ ಬದಲಾಯಿಸಲೇಬೇಕು. ಔಷಧ ರಕ್ತದಲ್ಲಿ ತುಂಬ ಇದ್ದಾಗ ಹಲವು ಪರೀಕ್ಷೆಗಳ ಕಣ್ಣಿಗೆ ಪ್ರತಿಕಾಯ ಬೀಳುವುದಿಲ್ಲ. ಆದ್ದರಿಂದಲೇ ರಕ್ತ ತೆಗೆಯುವ ಹೊತ್ತು ಮುಖ್ಯ. ಪರೀಕ್ಷೆಯ ಸೌಲಭ್ಯ ತಾಲ್ಲೂಕು ಮಟ್ಟದಲ್ಲಿ ಸಿಗುವಂಥದ್ದಲ್ಲ, ದೊಡ್ಡ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಅದು ಆಗದಿದ್ದರೆ ಚರ್ಮರೋಗ ತಜ್ಞರು ರೋಗಿಯ ಕಥೆಯನ್ನೇ ಪರೀಕ್ಷೆಯಂತೆ ಓದುತ್ತಾರೆ: ಮೊದಲು ಚೆನ್ನಾಗಿ ಹಿಡಿದು, ಡೋಸು ತಪ್ಪಿದ ಮೇಲೆ ಹಿಡಿಯದೆ ಹೋಗಿ, ಡ್ರಿಪ್ ವೇಳೆ ಮೈ ಕೆಂಪೇರಿದ್ದರೆ ಅನುಮಾನ ಪ್ರತಿಕಾಯದ ಕಡೆಗೇ.

ಔಷಧ ಬದಲಾಯಿಸುವಾಗ ಬಯೋಸಿಮಿಲರ್‌ಗಳ ಪ್ರಶ್ನೆ ಬರುತ್ತದೆ. ಮೂಲ ಔಷಧದ ಪೇಟೆಂಟ್ ಮುಗಿದ ಮೇಲೆ ಅದೇ ರಚನೆಯಲ್ಲಿ ಬೇರೆ ಕಂಪನಿಗಳು ಮಾಡುವ, ಬೆಲೆ ಕಡಿಮೆಯ ಬಯೋಲಾಜಿಕ್‌ಗಳು ಇವು. ಅಡಾಲಿಮುಮಾಬ್‌ನ ಬಯೋಸಿಮಿಲರ್ ಭಾರತದಲ್ಲೇ 2014ರಲ್ಲಿ ಮಾರುಕಟ್ಟೆಗೆ ಬಂತು, ಬೆಂಗಳೂರಿನ ಬಯೋಕಾನ್ ಬಳಗದ ಉಸ್ಟೆಕಿನುಮಾಬ್ ಬಯೋಸಿಮಿಲರ್‌ಗೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ತಾಲ್ಲೂಕಿನ ರೋಗಿ ಡೋಸು ತಪ್ಪಿಸದೆ ವರ್ಷ ಪೂರ್ತಿ ನಡೆಸಲು ಕಡಿಮೆ ಬೆಲೆಯೇ ದೊಡ್ಡ ಆಸರೆ. ಮೂಲ ಔಷಧ ಹಿಡಿಯುತ್ತಿರುವಾಗ ಬಯೋಸಿಮಿಲರ್‌ಗೆ ಹೊರಳಿದರೆ ಪ್ರತಿಕಾಯ ಹೆಚ್ಚುತ್ತದೆಯೆಂಬ ಭಯಕ್ಕೆ ನಾರ್ವೆಯಲ್ಲಿ 482 ರೋಗಿಗಳ ಮೇಲೆ ನಡೆದ ನಾರ್-ಸ್ವಿಚ್ ಪ್ರಯೋಗ 2017ರಲ್ಲಿ ಉತ್ತರ ಕೊಟ್ಟಿತು. ಇನ್‌ಫ್ಲಿಕ್ಸಿಮಾಬ್‌ನಿಂದ ಅದರ ಬಯೋಸಿಮಿಲರ್‌ಗೆ ಬದಲಾದವರು ಬದಲಾಗದವರಿಗಿಂತ ಕೆಡಲಿಲ್ಲ. ಆದರೆ ಮೂಲ ಔಷಧದ ವಿರುದ್ಧ ಪ್ರತಿಕಾಯ ಹುಟ್ಟಿ ಅದು ಸೋತ ಮೇಲೆ ಅದರದೇ ಬಯೋಸಿಮಿಲರ್‌ಗೆ ಹೋದರೆ ಪ್ರಯೋಜನವಿಲ್ಲ. ರಚನೆ ಒಂದೇ ಆದ್ದರಿಂದ ಹಳೆಯ ಪ್ರತಿಕಾಯಗಳು ಹೊಸದನ್ನೂ ಹಿಡಿದುಹಾಕುತ್ತವೆ. ಇನ್‌ಫ್ಲಿಕ್ಸಿಮಾಬ್ ವಿರುದ್ಧದ ಪ್ರತಿಕಾಯಗಳು ಅಡಾಲಿಮುಮಾಬನ್ನು ಹಿಡಿಯುವುದಿಲ್ಲ, ಅವುಗಳ ತುದಿ ಬೇರೆ ಬೇರೆ. ಆದರೂ ಒಂದರ ವಿರುದ್ಧ ಎದ್ದ ದೇಹ ಎರಡನೆಯದರ ವಿರುದ್ಧವೂ ಹೊಸದಾಗಿ ಏಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೀಗಾಗಿ ಯಾವ ಔಷಧ, ಯಾವ ಬ್ರಾಂಡ್, ಯಾವ ತಾರೀಕು, ಎಷ್ಟು ಡೋಸು, ಎಲ್ಲಿ ತಪ್ಪಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಶಿವಮೊಗ್ಗಕ್ಕೆ ಹೋದರೂ ಬೆಂಗಳೂರಿಗೆ ಹೋದರೂ ಅದೇ ಪುಸ್ತಕವನ್ನು ಒಯ್ಯಬೇಕು.

ಹೊಸ ಬಯೋಲಾಜಿಕ್‌ಗೆ ಹೊರಳುವ ಮುನ್ನ ಕ್ಷಯದ ತಪಾಸಣೆಯನ್ನೂ ಮತ್ತೊಮ್ಮೆ ನೋಡುತ್ತಾರೆ. ಟಿಎನ್‌ಎಫ್ ತಡೆಯುವ ಔಷಧಗಳು ಶ್ವಾಸಕೋಶದಲ್ಲಿ ಸದ್ದಿಲ್ಲದೆ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಎದೆಯ ಎಕ್ಸ್‌ರೇ ಜೊತೆಗೆ ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ರಕ್ತದ ಪರೀಕ್ಷೆ ಮಾಡಿ, ಅಡಗಿದ ಸೋಂಕು ಕಂಡರೆ ಅದಕ್ಕೆ ತಡೆಮದ್ದು ಶುರುಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಮೊದಲ ಡೋಸು ಕೊಡುತ್ತಾರೆ. ಆ ನಡುವಿನ ತಿಂಗಳಲ್ಲಿ ಚರ್ಮ ತೀರ ಕೆಡದಂತೆ ಮುಲಾಮು, ತೆಂಗಿನೆಣ್ಣೆ, ಬೆಳಕಿನ ಚಿಕಿತ್ಸೆ ಮುಂದುವರಿಯುತ್ತವೆ.